ಆಸ್ಪ್ರೇ: ಅರ್ಧ ಹೆಲಿಕಾಪ್ಟರ್, ಅರ್ಧ ವಿಮಾನ. ಇದನ್ನು ನಂಬಬಹುದೇ?

ಗಾಳಿಪಟ:
2023ರ ನವೆಂಬರ್ 29ರಂದು ಜಪಾನಿನ ಯಾಕುಶಿಮಾ ದ್ವೀಪದ ಬಳಿ ಅಮೆರಿಕದ ವಾಯುಪಡೆಯ ಸಿವಿ-22 ಆಸ್ಪ್ರೇ ಕಡಲಿಗೆ ಬಿದ್ದು ಎಂಟು ಮಂದಿ ಸತ್ತರು. ಅದರ ತನಿಖಾ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಿತು. ಓದಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದನ್ನು ಇಲ್ಲಿಡುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಆಸ್ಪ್ರೇಯ ರೆಕ್ಕೆಯ ಎರಡೂ ತುದಿಗಳಲ್ಲಿ ಒಂದೊಂದು ಎಂಜಿನ್, ಒಂದೊಂದು ದೊಡ್ಡ ರೋಟರ್ ಇವೆ. ಅವು ಮೇಲ್ಮುಖವಾಗಿದ್ದಾಗ ಹೆಲಿಕಾಪ್ಟರಿನಂತೆ ನೇರವಾಗಿ ಏಳುತ್ತದೆ, ಇಳಿಯುತ್ತದೆ. ಮುಂದಕ್ಕೆ ಬಾಗಿಸಿದಾಗ ವಿಮಾನವಾಗಿ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. 24 ಸೈನಿಕರನ್ನು ಒಯ್ಯಬಲ್ಲದು. ಬೆಲ್ ಮತ್ತು ಬೋಯಿಂಗ್ ಸೇರಿ ಕಟ್ಟಿದ್ದು. ಮೊದಲ ಹಾರಾಟ 1989ರ ಮಾರ್ಚ್‌ನಲ್ಲಿ, ಸೇವೆಗೆ ಸೇರಿದ್ದು 2007ರಲ್ಲಿ.

2022ರ ಮಾರ್ಚ್‌ನಿಂದ 2023ರ ನವೆಂಬರ್‌ವರೆಗೆ ನಾರ್ವೆ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ, ಜಪಾನ್ ಹೀಗೆ ನಾಲ್ಕು ಕಡೆ ಬಿದ್ದು 20 ಜನ ಸತ್ತಿದ್ದಾರೆ. ಪ್ರಯೋಗದ ಕಾಲದಿಂದ ಲೆಕ್ಕ ಹಿಡಿದರೆ ಸಾವಿನ ಸಂಖ್ಯೆ ಅರವತ್ತನ್ನು ದಾಟುತ್ತದೆ. ಇಷ್ಟೆಲ್ಲ ಆದ ಮೇಲೂ ಇದನ್ನು ಹಾರಿಸುವುದು ಸರಿಯೇ? ಇದು ಕೊಡುವ ಪ್ರಯೋಜನ ಈ ಬೆಲೆಗೆ ತಕ್ಕದ್ದೇ? ಎರಡೂ ಪಕ್ಷದವರು ಮಾತನಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಲಕ್ಷಗಂಟೆ:
ಸತ್ತವರ ಸಂಖ್ಯೆಯೊಂದನ್ನೇ ಮುಂದಿಟ್ಟರೆ ನ್ಯಾಯ ಸಿಗುವುದಿಲ್ಲ. ಸೇನೆಗಳು ಅಪಘಾತವನ್ನು ಅಳೆಯುವುದು ಲಕ್ಷ ಹಾರಾಟ ಗಂಟೆಗಳ ಲೆಕ್ಕದಲ್ಲಿ. ಅಮೆರಿಕದ ಮರೈನ್ ಪಡೆ ಕೊಟ್ಟ ಹತ್ತು ವರ್ಷಗಳ ಸರಾಸರಿಯ ಪ್ರಕಾರ ಆಸ್ಪ್ರೇಯ ಮರೈನ್ ರೂಪವಾದ ಎಂವಿ-22ರ ಗಂಭೀರ ಅಪಘಾತಗಳು ಲಕ್ಷ ಗಂಟೆಗೆ ಮೂರರ ಆಸುಪಾಸಿನಲ್ಲಿವೆ. ಅದೇ ಪಡೆಯ ಸಿಎಚ್-53ಇ ಹೆಲಿಕಾಪ್ಟರಿನ ದರ ಇದಕ್ಕಿಂತ ಹೆಚ್ಚು. ಆದರೂ ಅದನ್ನು ಯಾರೂ ಸಾವಿನ ಯಂತ್ರ ಎಂದು ಕರೆಯುವುದಿಲ್ಲ. ಆಸ್ಪ್ರೇ ಬಿದ್ದಾಗ ಮಾತ್ರ ಸುದ್ದಿ ದೊಡ್ಡದಾಗುತ್ತದೆ, ಏಕೆಂದರೆ ಅದರ ಆಕಾರ ವಿಚಿತ್ರ, ಅದರ ಬಾಲ್ಯ ಕೆಟ್ಟದ್ದಾಗಿತ್ತು.

ಇನ್ನು ಪ್ರಯೋಜನ. ಈ ಯೋಜನೆ ಹುಟ್ಟಿದ್ದೇ ಒಂದು ಸೋಲಿನಿಂದ. 1980ರ ಏಪ್ರಿಲ್‌ನಲ್ಲಿ ಇರಾನಿನಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಹೋದ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಕೆಲವು ಮರುಭೂಮಿಯಲ್ಲಿ ಕೆಟ್ಟವು. ಕೊನೆಗೆ ಒಂದು ಹೆಲಿಕಾಪ್ಟರ್ ಸಾಗಣೆ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ದೂರ ಹೋಗಬಲ್ಲ, ವೇಗವಾಗಿ ಹೋಗಬಲ್ಲ, ರನ್‌ವೇ ಇಲ್ಲದೆ ಇಳಿಯಬಲ್ಲ ಯಂತ್ರ ಬೇಕು ಎಂಬುದು ಆ ರಾತ್ರಿ ಕಲಿತ ಪಾಠ.

ಆ ಯಂತ್ರ ಮಾತು ಉಳಿಸಿಕೊಂಡಿದೆ. 2011ರ ಮಾರ್ಚ್‌ನಲ್ಲಿ ಲಿಬಿಯಾದಲ್ಲಿ ಅಮೆರಿಕದ ಎಫ್-15ಇ ಯುದ್ಧವಿಮಾನ ಬಿದ್ದಾಗ ಹೊರಜಿಗಿದ ಪೈಲಟ್‌ನನ್ನು ಕಡಲಿನ ಹಡಗಿನಿಂದ ಹೊರಟ ಆಸ್ಪ್ರೇಗಳೇ ಎತ್ತಿ ತಂದವು. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನ ಬೋರ್ ಪಟ್ಟಣದ ಮೇಲೆ ಮೂರು ಸಿವಿ-22ಗಳಿಗೆ ನೆಲದಿಂದ ನೂರಕ್ಕೂ ಹೆಚ್ಚು ಗುಂಡುಗಳು ತಾಗಿದವು. ಒಳಗಿದ್ದ ನಾಲ್ವರು ಗಾಯಗೊಂಡರು. ಇಂಧನ ಸೋರುತ್ತಿದ್ದ ಆ ಮೂರೂ ಯಂತ್ರಗಳು ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ಉಗಾಂಡದ ಎಂಟೆಬೆ ತಲುಪಿದವು. ಬೇರೆ ಯಾವ ಹೆಲಿಕಾಪ್ಟರ್ ಅಷ್ಟು ಬೇಗ ಆ ಗಾಯಾಳುಗಳನ್ನು ತಲುಪಿಸುತ್ತಿತ್ತು ಎಂದು ಯಾರಾದರೂ ಹೇಳಲಿ.

ಹ್ಯಾಂಗರ್ ಹಿರಿಯ:
ನಾನು ನಮ್ಮ ವಾಯುಪಡೆಯಲ್ಲಿ ಎಂಐ-17 ಹೆಲಿಕಾಪ್ಟರಿನ ನಿರ್ವಹಣೆಯಲ್ಲಿ ದುಡಿದು ನಿವೃತ್ತನಾದವನು. ಲಕ್ಷಗಂಟೆ ಅವರ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಯಾಕುಶಿಮಾದಲ್ಲಿ ನಡೆದದ್ದು ಏನು ಎಂಬುದನ್ನು ಗೇರ್‌ಬಾಕ್ಸ್ ಬಿಚ್ಚಿದವರ ಕಣ್ಣಿನಿಂದ ಹೇಳಬೇಕಾಗಿದೆ.

ಎಂಜಿನ್ನಿನ ಬಲವನ್ನು ರೋಟರಿಗೆ ಸಾಗಿಸುವ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಚಿಪ್ ಡಿಟೆಕ್ಟರ್ ಎಂಬ ಸಣ್ಣ ಅಯಸ್ಕಾಂತ ಇರುತ್ತದೆ. ಒಳಗಿನ ಹಲ್ಲು ಸವೆದು ಲೋಹದ ಚೂರು ಬಿದ್ದರೆ ಅದು ಹಿಡಿದುಕೊಳ್ಳುತ್ತದೆ, ಕಾಕ್‌ಪಿಟ್‌ನಲ್ಲಿ ಸೂಚನೆ ಬರುತ್ತದೆ. ಕೂದಲೆಳೆಯಷ್ಟು ಸಣ್ಣ ಚೂರಾದರೆ ವಿದ್ಯುತ್ ಹಾಯಿಸಿ ಸುಟ್ಟುಹಾಕುವ ವ್ಯವಸ್ಥೆ ಆಸ್ಪ್ರೇಯಲ್ಲಿದೆ. ಇದನ್ನು ಚಿಪ್ ಬರ್ನ್ ಎನ್ನುತ್ತಾರೆ. ಒಂದೆರಡು ಬಂದರೆ ಗಾಬರಿಯಿಲ್ಲ. ಮೂರು ಬಂದರೆ ಅನುಕೂಲವಾದಷ್ಟು ಬೇಗ ಇಳಿಯಬೇಕು ಎಂಬುದು ಆಗ ಅವರ ನಿಯಮವಾಗಿತ್ತು. ಆ ದಿನ ಐದು ಬಾರಿ ಬಂತು. ಆರನೆಯ ಸೂಚನೆ ಸುಡಲಾಗದ ಚೂರಿನದು. ಎಡಭಾಗದ ಪ್ರೊಪ್‌ರೋಟರ್ ಗೇರ್‌ಬಾಕ್ಸಿನ ಪಿನಿಯನ್ ಎಂಬ ಸಣ್ಣ ಗೇರ್ ಬಿರುಕು ಬಿಟ್ಟು ಒಡೆಯುತ್ತಿತ್ತು. ದಾರಿಯಲ್ಲಿ ಇಳಿಯಬಹುದಾದ ನಿಲ್ದಾಣಗಳಿದ್ದವು, ಅವನ್ನು ದಾಟಿ ಮುಂದೆ ಹೋದರು. ಯಾಕುಶಿಮಾ ನಿಲ್ದಾಣದ ಹತ್ತಿರಕ್ಕೆ ಬಂದಾಗ ಎಲ್ಲ ಮುಗಿಯಿತು.

ವರದಿ ಸಿಬ್ಬಂದಿಯ ನಿರ್ಧಾರದ ಮೇಲೂ ಬೆರಳು ತೋರಿಸಿದೆ. ಅದು ಸುಳ್ಳಲ್ಲ. ಆದರೆ ನನ್ನ ಸಿಟ್ಟು ಬೇರೆ ಕಡೆ ಇದೆ. ಅದೇ ವರದಿ ಇನ್ನೊಂದನ್ನೂ ಹೇಳುತ್ತದೆ: ಗೇರ್‌ಬಾಕ್ಸ್ ಹೀಗೆ ಒಡೆಯಬಹುದು ಎಂಬ ಅಪಾಯದ ಅಂದಾಜು ಯೋಜನಾ ಕಚೇರಿಯ ಮಟ್ಟದಲ್ಲಿ ಇತ್ತು, ಹಾರಿಸುವವರಿಗೆ ಅದರ ತೂಕ ತಲುಪಲಿಲ್ಲ. ಚಿಪ್ ಸೂಚನೆಯನ್ನು ಸಾಮಾನ್ಯ ತೊಂದರೆ ಎಂದು ಕಲಿಸಿದ ಮೇಲೆ, ಅದನ್ನು ಸಾಮಾನ್ಯ ಎಂದುಕೊಂಡ ಪೈಲಟ್‌ನ ಮೇಲೆ ಇಡೀ ಹೊರೆ ಹೊರಿಸುವುದು ನ್ಯಾಯವಲ್ಲ.

ಹಾರಲು ಕಲಿಯುವ ಹುಡುಗಿ:
ಒಂದು ಸಂದೇಹ. ಎಂಜಿನ್ ನಿಂತರೆ ಹೆಲಿಕಾಪ್ಟರ್ ಗಾಳಿಯ ಬಲದಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯಬಹುದು ಎಂದು ಪಾಠದಲ್ಲಿದೆ. ಆಸ್ಪ್ರೇಗೆ ಅದು ಸಾಧ್ಯವಿಲ್ಲವೇ?

ಉಕ್ಕಿನ ಮೇಷ್ಟರು:
ಒಳ್ಳೆಯ ಪ್ರಶ್ನೆ, ತಂಗಿ. ನೆಚ್ಚಿಕೊಳ್ಳುವಷ್ಟು ಸಾಧ್ಯವಿಲ್ಲ. ಯಂತ್ರದ ತೂಕಕ್ಕೆ ಹೋಲಿಸಿದರೆ ಅದರ ರೋಟರ್‌ಗಳು ಚಿಕ್ಕವು. ವಿಮಾನದ ಸ್ಥಿತಿಯಲ್ಲಿ ರೆಕ್ಕೆಯ ಮೇಲೆ ತೇಲುತ್ತಾ ಬರಬಹುದು, ಆದರೆ ಹೆಲಿಕಾಪ್ಟರ್ ಸ್ಥಿತಿಯಲ್ಲಿ, ನೆಲದ ಹತ್ತಿರ, ಆ ರಕ್ಷಣೆ ಸಿಗುವುದಿಲ್ಲ.

ಅದಕ್ಕೆ ಪರ್ಯಾಯವಾಗಿ ಒಂದು ಉಪಾಯ ಮಾಡಿದ್ದಾರೆ. ರೆಕ್ಕೆಯೊಳಗೆ ಈ ತುದಿಯಿಂದ ಆ ತುದಿಗೆ ಒಂದು ಶಾಫ್ಟ್ (ತಿರುಗುವ ದಂಡ) ಹಾಯುತ್ತದೆ. ಒಂದು ಎಂಜಿನ್ ನಿಂತರೆ ಇನ್ನೊಂದು ಎಂಜಿನ್ ಅದರ ಮೂಲಕ ಎರಡೂ ರೋಟರ್‌ಗಳನ್ನು ತಿರುಗಿಸುತ್ತದೆ. ಆದ್ದರಿಂದ ಎಂಜಿನ್ ಕೆಡುವುದು ಆಸ್ಪ್ರೇಗೆ ದೊಡ್ಡ ವಿಷಯವಲ್ಲ. ಗೇರ್‌ಬಾಕ್ಸ್ ಕೆಡುವುದು ಸಾವಿನ ವಿಷಯ. ಒಂದು ಬದಿಯ ರೋಟರ್ ಬಲ ಕಳೆದುಕೊಂಡರೆ ಯಂತ್ರ ಕ್ಷಣದಲ್ಲಿ ಮಗುಚುತ್ತದೆ, ಪೈಲಟ್ ಎಷ್ಟು ನಿಪುಣನಾದರೂ ಏನೂ ಮಾಡಲಾಗದು.

2022ರ ಜೂನ್ 8ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಐವರು ಮರೈನ್ ಸೈನಿಕರು ಸತ್ತದ್ದು ಹಾಗೆಯೇ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಕ್ಲಚ್ ಇದೆ. ಅದು ಸವೆದಾಗ ಒಂದು ಕ್ಷಣ ಜಾರುತ್ತದೆ, ಭಾರವೆಲ್ಲ ಇನ್ನೊಂದು ಎಂಜಿನ್ನಿಗೆ ಹೋಗುತ್ತದೆ, ಮರುಕ್ಷಣ ಕ್ಲಚ್ ಧಡಕ್ಕನೆ ಕಚ್ಚಿಕೊಳ್ಳುತ್ತದೆ. ಆ ಆಘಾತ ಇಡೀ ಶಾಫ್ಟಿನ ಮೂಲಕ ಹಾಯುತ್ತದೆ. ಸಿಬ್ಬಂದಿ ಏನು ಮಾಡಿದ್ದರೂ ಅದನ್ನು ತಪ್ಪಿಸಲು ಆಗುತ್ತಿರಲಿಲ್ಲ ಎಂದು ತನಿಖೆ ಸ್ಪಷ್ಟವಾಗಿ ಹೇಳಿತು. ಇಂಥ ಘಟನೆಗಳು 2010ರಿಂದಲೇ ವರದಿಯಾಗುತ್ತಿದ್ದವು. 800 ಗಂಟೆ ಹಾರಿದ ಮೇಲೆ ಆ ಭಾಗವನ್ನು ಬದಲಿಸಲೇಬೇಕು ಎಂಬ ಆದೇಶ ಬಂದದ್ದು 2023ರ ಫೆಬ್ರುವರಿಯಲ್ಲಿ. ಈ ಎರಡು ಇಸವಿಗಳ ನಡುವಿನ ಅಂತರವನ್ನು ಎಲ್ಲರೂ ಗಮನಿಸಬೇಕು.

ಯಾಕುಶಿಮಾದ ಗೇರ್ ನನ್ನ ವಿಷಯಕ್ಕೇ ಸೇರಿದ್ದು. ಅದರ ಉಕ್ಕಿನ ಹೆಸರು ಎಕ್ಸ್-53. ಉಕ್ಕನ್ನು ಕರಗಿಸುವಾಗ ಹೊರಗಿನ ಸೂಕ್ಷ್ಮ ಕಣಗಳು ಒಳಗೆ ಉಳಿದುಬಿಡುತ್ತವೆ. ಅನ್ನದಲ್ಲಿ ಉಳಿದ ಕಲ್ಲಿನಂತೆ ಅವು ಹೊರಗೆ ಕಾಣುವುದಿಲ್ಲ. ಗೇರಿನ ಹಲ್ಲಿನ ಮೇಲೆ ಲಕ್ಷಾಂತರ ಬಾರಿ ಒತ್ತಡ ಬಿದ್ದಾಗ ಆ ಕಣದ ಸುತ್ತಲೇ ಬಿರುಕು ಹುಟ್ಟುತ್ತದೆ. ಎರಡು ಬಾರಿ ಕರಗಿಸುವ ಬದಲು ಮೂರು ಬಾರಿ ಕರಗಿಸಿದರೆ ಕಣಗಳು ಬಹಳ ಕಡಿಮೆಯಾಗುತ್ತವೆ. ಈಗ ಅಂಥ ಉಕ್ಕಿನ ಗೇರುಗಳನ್ನು ಹಾಕಲು ಹೊರಟಿದ್ದಾರೆ. ತಂತ್ರಜ್ಞಾನ ಹೊಸದೇನಲ್ಲ. ಬದಲಾವಣೆ ಎಲ್ಲ ಯಂತ್ರಗಳಿಗೂ ತಲುಪುವ ವೇಳಾಪಟ್ಟಿ ಮಾತ್ರ 2030ರ ದಶಕದೊಳಗೆ ಚಾಚಿಕೊಂಡಿದೆ.

ಲಕ್ಷಗಂಟೆ:
ಮೇಷ್ಟರೇ, ಇದು ಆಸ್ಪ್ರೇಗೆ ಮಾತ್ರ ಬಂದ ಕಾಯಿಲೆಯಲ್ಲ. 2022ರಲ್ಲಿ ಅಮೆರಿಕದ ಭೂಸೇನೆ ಎಂಜಿನ್ ಬೆಂಕಿಯ ಭಯದಿಂದ ತನ್ನ ಚಿನೂಕ್ ಹೆಲಿಕಾಪ್ಟರ್‌ಗಳನ್ನೆಲ್ಲ ನೆಲಕ್ಕಿಳಿಸಿತು. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ 2025ರ ಜನವರಿ 5ರಂದು ಪೋರಬಂದರಿನಲ್ಲಿ ಬಿದ್ದು ಕರಾವಳಿ ಕಾವಲು ಪಡೆಯ ಮೂವರು ಸತ್ತರು. ರೋಟರ್ ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಮುರಿದಿತ್ತು. ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳು ತಿಂಗಳುಗಟ್ಟಲೆ ಹಾರಲಿಲ್ಲ. ಹಾಗೆಂದು ಧ್ರುವ್ ಅನ್ನೇ ಕೈಬಿಡಿ ಎಂದು ಇಲ್ಲಿ ಯಾರೂ ಹೇಳಲಿಲ್ಲ. ಸಿಯಾಚಿನ್‌ನಲ್ಲಿ ಅದು ಮಾಡುವ ಕೆಲಸ ನಮಗೆ ಗೊತ್ತು, ಅದಕ್ಕೇ ಕಾದೆವು. ಅದೇ ತಾಳ್ಮೆಯನ್ನು ಆಸ್ಪ್ರೇಗೆ ಏಕೆ ತೋರಿಸಬಾರದು?

ಹ್ಯಾಂಗರ್ ಹಿರಿಯ:
ಧ್ರುವ್ ವಿಷಯದಲ್ಲಿ ಇಡೀ ಪಡೆಯನ್ನು ನಿಲ್ಲಿಸಿದರು, ದೋಷ ಹುಡುಕಿದರು, ಭೂಸೇನೆಗೂ ವಾಯುಪಡೆಗೂ ಮತ್ತೆ ಅನುಮತಿ ಸಿಕ್ಕಿದ್ದು ನಾಲ್ಕು ತಿಂಗಳ ಸುಮಾರಿಗೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳಿವೆ, ಕೇಳೋಣ. ಆದರೆ ಹತ್ತು ಹನ್ನೆರಡು ವರ್ಷ ಗೊತ್ತಿದ್ದ ಕ್ಲಚ್ಚಿನ ದೋಷದೊಂದಿಗೆ ಸೈನಿಕರನ್ನು ತುಂಬಿಕೊಂಡು ಹಾರುತ್ತಲೇ ಇರುವುದನ್ನು ತಾಳ್ಮೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಟೋಕಿಯೊ ಕನ್ನಡತಿ:
ಇಲ್ಲಿಯವರೆಗಿನ ಮಾತೆಲ್ಲ ಒಳಗೆ ಕುಳಿತವರ ಬಗ್ಗೆ. ಕೆಳಗೆ ಬದುಕುವವರ ಬಗ್ಗೆ ನಾನು ಹೇಳುತ್ತೇನೆ. ಜಪಾನಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಒಕಿನಾವಾ ದ್ವೀಪದಲ್ಲಿರುವ ಅಮೆರಿಕದ ಫುತೆನ್ಮಾ ವಾಯುನೆಲೆ ಗಿನೋವಾನ್ ನಗರದ ಹೊಟ್ಟೆಯಲ್ಲೇ ಇದೆ. ಬೇಲಿಯ ಆಚೆ ಶಾಲೆ, ಮನೆ, ಅಂಗಡಿ. 2012ರಲ್ಲಿ ಆಸ್ಪ್ರೇ ಅಲ್ಲಿಗೆ ಬಂದಾಗಿನಿಂದ ಜನ ವಿರೋಧಿಸುತ್ತಲೇ ಇದ್ದಾರೆ. 2016ರ ಡಿಸೆಂಬರ್‌ನಲ್ಲಿ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ರೋಟರ್ ಕೊಳವೆಗೆ ಬಡಿದು ಒಂದು ಆಸ್ಪ್ರೇ ನಾಗೊ ಕಡಲತೀರದಲ್ಲಿ ಬಿತ್ತು. ಐವರೂ ಬದುಕಿದರು. ಮನೆಗಳ ಮೇಲೆ ಬೀಳಿಸದೆ ಕಡಲಿಗೆ ಒಯ್ದ ಪೈಲಟ್‌ಗೆ ಜನ ಕೃತಜ್ಞರಾಗಿರಬೇಕು ಎಂದು ಅಲ್ಲಿನ ಅಮೆರಿಕದ ಸೇನಾಧಿಕಾರಿ ಹೇಳಿದರು. ಆ ಮಾತು ಒಕಿನಾವಾದವರ ಎದೆಯನ್ನು ಎಷ್ಟು ಸುಟ್ಟಿತು ಎಂಬುದನ್ನು ಇಲ್ಲಿದ್ದವರೇ ಬಲ್ಲರು.

ಯಾಕುಶಿಮಾದ ನಂತರ ಜಪಾನ್ ಸರ್ಕಾರ ಹಾರಾಟ ನಿಲ್ಲಿಸಿ ಎಂದು ಕೇಳಿತು. ಆ ಕೋರಿಕೆಯ ನಂತರವೂ ಆಸ್ಪ್ರೇಗಳು ಹಾರುತ್ತಿದ್ದವು. ಅಮೆರಿಕ ತನ್ನ ಎಲ್ಲ ಆಸ್ಪ್ರೇಗಳನ್ನು ನಿಲ್ಲಿಸಿದ್ದು ಡಿಸೆಂಬರ್ 6ರಂದು. ಬಿದ್ದವರನ್ನು ಹುಡುಕಲು ದೋಣಿ ತೆಗೆದುಕೊಂಡು ಹೊರಟವರಲ್ಲಿ ಯಾಕುಶಿಮಾದ ಮೀನುಗಾರರೂ ಇದ್ದರು. ಅವರ ಮಾತಿಗೆ ಈ ಲೆಕ್ಕದಲ್ಲಿ ಎಲ್ಲಿದೆ ಜಾಗ?

ಅಮೆರಿಕವನ್ನು ಬಿಟ್ಟರೆ ಆಸ್ಪ್ರೇ ಕೊಂಡ ದೇಶ ಜಪಾನ್ ಒಂದೇ, 17 ಕೊಂಡಿದೆ. 2025ರ ಜುಲೈಯಲ್ಲಿ ಅವು ಸಾಗಾ ಪ್ರಾಂತ್ಯದ ಹೊಸ ನೆಲೆಗೆ ಬರತೊಡಗಿದವು. ದೂರದ ದ್ವೀಪಗಳನ್ನು ಕಾಯಲು ರನ್‌ವೇ ಬೇಡದ ವೇಗದ ಯಂತ್ರ ಬೇಕು ಎಂಬ ಸರ್ಕಾರದ ವಾದ ನನಗೂ ಅರ್ಥವಾಗುತ್ತದೆ. ಭೂಪಟ ನೋಡಿದರೆ ಅದು ಪೊಳ್ಳು ವಾದವಲ್ಲ. ಆದರೆ ಯಂತ್ರ ಸುರಕ್ಷಿತ ಎಂದು ಹೇಳುವವರು ಪ್ರತಿ ಬಾರಿಯೂ ದೋಷ ಗೊತ್ತಾದ ಮೇಲೆ ಹೇಳುತ್ತಾರೆ, ಮೊದಲೇ ಹೇಳುವುದಿಲ್ಲ. ನಂಬಿಕೆ ಕೆಟ್ಟಿರುವುದು ಅಲ್ಲಿ.

ಗಾಳಿಪಟ:
ಮೇಡಂ, ನಿಮ್ಮ ಕೊನೆಯ ಮಾತು ಈ ಯೋಜನೆಯ ಹಳೆಯ ಇತಿಹಾಸಕ್ಕೂ ಹೊಂದುತ್ತದೆ. 2000ನೆಯ ಇಸವಿಯ ಏಪ್ರಿಲ್ 8ರಂದು ಅರಿಜೋನಾದ ಮರಾನಾದಲ್ಲಿ 19 ಮರೈನ್ ಸೈನಿಕರು ಸತ್ತರು. ನಿಧಾನವಾಗಿ ಮುಂದೆ ಸಾಗುತ್ತಾ ಬಹಳ ವೇಗವಾಗಿ ಕೆಳಗಿಳಿದಾಗ ರೋಟರ್ ತಾನೇ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಬಿತ್ತು. ಸಾಮಾನ್ಯ ಹೆಲಿಕಾಪ್ಟರ್‌ಗೂ ಈ ಅಪಾಯ ಇದೆ, ಆದರೆ ಅಕ್ಕಪಕ್ಕ ಎರಡು ರೋಟರ್ ಇರುವ ಆಸ್ಪ್ರೇಯಲ್ಲಿ ಒಂದು ಮಾತ್ರ ಸಿಕ್ಕಿಬಿದ್ದರೆ ಯಂತ್ರ ತಲೆಕೆಳಗಾಗುತ್ತದೆ. ಆ ಗುಣವನ್ನು ಪೂರ್ತಿ ಪರೀಕ್ಷಿಸುವ ಮೊದಲೇ ಸೈನಿಕರನ್ನು ತುಂಬಿಸಿದ್ದರು. ತಪ್ಪು ಪೈಲಟ್‌ಗಳದ್ದು ಎಂಬ ಭಾವನೆ ಹರಡಿತು. ಅವರ ಹೆಸರಿಗೆ ಅಂಟಿದ ಆ ಕಳಂಕವನ್ನು ರಕ್ಷಣಾ ಇಲಾಖೆ ತೊಡೆದದ್ದು 2016ರಲ್ಲಿ. ಅದಕ್ಕಾಗಿ ಸಂಸದ ವಾಲ್ಟರ್ ಜೋನ್ಸ್ ಅವರೊಂದಿಗೆ ಕುಟುಂಬದವರು ವರ್ಷಗಟ್ಟಲೆ ಹೋರಾಡಬೇಕಾಯಿತು.

2000ನೆಯ ಇಸವಿಯದೇ ಡಿಸೆಂಬರ್‌ನಲ್ಲಿ ಉತ್ತರ ಕೆರೊಲಿನಾದಲ್ಲಿ ಇನ್ನೂ ನಾಲ್ವರು ಸತ್ತರು. ಹೈಡ್ರಾಲಿಕ್ ಕೊಳವೆ ಸೋರಿತ್ತು, ಜೊತೆಗೆ ತಂತ್ರಾಂಶದ ದೋಷ. ಮರುವರ್ಷ ಜನವರಿಯಲ್ಲಿ, ಆಸ್ಪ್ರೇ ತರಬೇತಿ ದಳದ ಮುಖ್ಯಸ್ಥರು ನಿರ್ವಹಣೆಯ ದಾಖಲೆಗಳನ್ನು ತಿದ್ದಲು ಸಿಬ್ಬಂದಿಗೆ ಹೇಳಿದ್ದು ಬಯಲಾಗಿ ಹುದ್ದೆ ಕಳೆದುಕೊಂಡರು. ಯಂತ್ರವನ್ನು ಉಳಿಸಿಕೊಳ್ಳುವ ಆತುರ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲಕ್ಷಗಂಟೆ:
ಆ ಇತಿಹಾಸವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮರಾನಾದ ನಂತರ ಆ ಸುಳಿಯನ್ನು ಆಳವಾಗಿ ಪರೀಕ್ಷಿಸಿದರು, ಮಿತಿಗಳನ್ನು ಬರೆದರು, ಎಚ್ಚರಿಕೆಯ ವ್ಯವಸ್ಥೆ ಹಾಕಿದರು. ರೋಟರ್‌ಗಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಸಾಕು, ಸುಳಿಯಿಂದ ಹೊರಬರಬಹುದು ಎಂದು ಕಂಡುಕೊಂಡರು. ಇದು ಹೆಲಿಕಾಪ್ಟರ್‌ಗೆ ಇಲ್ಲದ ಅನುಕೂಲ. ಹಾಗಾದರೆ ತತ್ತ್ವದಲ್ಲೇ ದೋಷವಿದೆ ಎನ್ನುವುದು ಸರಿಯಲ್ಲ. ಕಲಿಯಬಲ್ಲ ಯಂತ್ರ ಅದು.

ಉಕ್ಕಿನ ಮೇಷ್ಟರು:
ತತ್ತ್ವದಲ್ಲಿ ದೋಷವಿದೆ ಎಂದು ನಾನೂ ಹೇಳುವುದಿಲ್ಲ. ಒಂದು ವಿಷಯವನ್ನು ಮಾತ್ರ ನೋಡಿ. 2024ರ ಮಾರ್ಚ್‌ನಲ್ಲಿ ಆಸ್ಪ್ರೇಗಳಿಗೆ ಮತ್ತೆ ಅನುಮತಿ ಕೊಟ್ಟಾಗ, ಇಳಿಯಬಹುದಾದ ನೆಲೆಯಿಂದ 30 ನಿಮಿಷಕ್ಕಿಂತ ದೂರ ಹೋಗಬಾರದು ಎಂಬ ನಿರ್ಬಂಧ ಹಾಕಿದರು. ನೌಕಾಪಡೆ ಇದೇ ಯಂತ್ರದ ಸಿಎಂವಿ-22 ರೂಪವನ್ನು ಕೊಂಡದ್ದು ನಡುಕಡಲಿನ ವಿಮಾನವಾಹಕ ನೌಕೆಗಳಿಗೆ ಸಾಮಾನು ಸಾಗಿಸಲು, ಎಫ್-35 ಯುದ್ಧವಿಮಾನದ ಎಂಜಿನ್ನನ್ನೂ ಹೊಟ್ಟೆಯಲ್ಲಿಟ್ಟು ಒಯ್ಯಲು. ನೌಕೆಗಳು ದಡದಿಂದ ಅರ್ಧ ಗಂಟೆಯ ದೂರದಲ್ಲಿ ನಿಂತಿರುತ್ತವೆಯೇ? ದೂರಕ್ಕಾಗಿಯೇ ಕೊಂಡ ಯಂತ್ರಕ್ಕೆ ದೂರವನ್ನೇ ನಿಷೇಧಿಸಬೇಕಾಯಿತು. ನಿವೃತ್ತಿಗೆ ಸಿದ್ಧವಾಗಿದ್ದ ಹಳೆಯ ಸಿ-2 ಸಾಗಣೆ ವಿಮಾನಗಳ ಮೇಲೆ ಮತ್ತೆ ಹೊರೆ ಬಿತ್ತು.

ಆದ್ದರಿಂದ ವಿಶ್ವಾಸಾರ್ಹತೆ ಒಂದು ತಕ್ಕಡಿಯಲ್ಲಿ, ಪ್ರಯೋಜನ ಇನ್ನೊಂದರಲ್ಲಿ ಇಟ್ಟು ತೂಗುವುದೇ ತಪ್ಪು. ಗೇರ್ ನಂಬಲಾಗದಿದ್ದರೆ ಪ್ರಯೋಜನವೇ ಉಳಿಯುವುದಿಲ್ಲ. ಬೋರ್‌ನಿಂದ ಎಂಟೆಬೆಗೆ ಹಾರಿದ ಆ ಸಾಹಸ 30 ನಿಮಿಷದ ನಿಯಮದೊಳಗೆ ಹಿಡಿಸುವುದಿಲ್ಲ, ಲಕ್ಷಗಂಟೆ ಅವರೇ.

ಲಕ್ಷಗಂಟೆ:
ಯುದ್ಧಕಾಲದಲ್ಲಿ ಕಮಾಂಡರ್‌ಗಳು ಆ ಅಪಾಯವನ್ನು ತಿಳಿದೇ ಹೊರುತ್ತಾರೆ. ನಿರ್ಬಂಧ ತಾತ್ಕಾಲಿಕ, ಹೊಸ ಗೇರ್ ಬಂದಂತೆ ಸಡಿಲವಾಗುತ್ತದೆ. ನಾನೂರಕ್ಕೂ ಹೆಚ್ಚು ಯಂತ್ರಗಳು ಆಗಲೇ ಇವೆ. ಅವನ್ನು ಗುಜರಿಗೆ ಹಾಕಿದರೆ ಮರೈನ್ ಪಡೆ ಮತ್ತೆ ಯಾವುದರಲ್ಲಿ ಹೋಗಬೇಕು? ಅವರ ಹಳೆಯ ಸೀ ನೈಟ್ ಹೆಲಿಕಾಪ್ಟರ್‌ಗಳು ನಿವೃತ್ತವಾಗಿ ಎಷ್ಟೋ ಕಾಲವಾಯಿತು. ಅವುಗಳ ವೇಗ ಆಸ್ಪ್ರೇಯ ಅರ್ಧದಷ್ಟು ಮಾತ್ರ. ನಿಧಾನವಾಗಿ ಹೋಗುವ ಯಂತ್ರಕ್ಕೆ ಶತ್ರುವಿನ ಗುಂಡು ಸುಲಭವಾಗಿ ತಾಗುತ್ತದೆ. ಅಲ್ಲಿ ಸಾಯುವವರನ್ನು ಯಾವ ಪಟ್ಟಿಯಲ್ಲೂ ಆಸ್ಪ್ರೇ ಉಳಿಸಿದ ಜೀವ ಎಂದು ಬರೆಯುವುದಿಲ್ಲ.

ಹಾರಲು ಕಲಿಯುವ ಹುಡುಗಿ:
ಅಮೆರಿಕದ ಭೂಸೇನೆ 2022ರ ಡಿಸೆಂಬರ್‌ನಲ್ಲಿ ಬೆಲ್ ಕಂಪನಿಯ ವಿ-280 ಎಂಬ, ಆಸ್ಪ್ರೇಯಂತೆಯೇ ರೋಟರ್ ಬಾಗುವ ಇನ್ನೊಂದು ಟಿಲ್ಟ್‌ರೋಟರ್ ಆಯ್ಕೆ ಮಾಡಿದೆಯಲ್ಲ? ಈಗ ಅದಕ್ಕೆ ಎಂವಿ-75 ಎಂಬ ಹೆಸರು. ಅಷ್ಟು ತೊಂದರೆ ಇದ್ದರೆ ಅದೇ ತತ್ತ್ವವನ್ನು ಮತ್ತೆ ಏಕೆ ಆರಿಸಿದರು?

ಉಕ್ಕಿನ ಮೇಷ್ಟರು:
ಏಕೆಂದರೆ ಪೆಸಿಫಿಕ್ ಸಾಗರದ ದೂರಗಳು ಹೆಲಿಕಾಪ್ಟರ್‌ಗೆ ದಕ್ಕುವುದಿಲ್ಲ. ಅಲ್ಲಿ ಲಕ್ಷಗಂಟೆ ಅವರ ವಾದ ಗಟ್ಟಿಯಾಗಿದೆ. ವಿ-280ರಲ್ಲಿ ಕೆಲವು ಪಾಠ ಕಲಿತದ್ದು ಕಾಣುತ್ತದೆ. ಆಸ್ಪ್ರೇಯಲ್ಲಿ ಇಡೀ ಎಂಜಿನ್ ಬಾಗುತ್ತದೆ, ಇದರಲ್ಲಿ ಎಂಜಿನ್ ಅಡ್ಡಲಾಗಿಯೇ ಇರುತ್ತದೆ, ರೋಟರ್ ಮಾತ್ರ ತಿರುಗುತ್ತದೆ. ಇಳಿಯುವಾಗ ಬಿಸಿ ಹೊಗೆ ನೆಲಕ್ಕೆ ಬಡಿಯುವುದಿಲ್ಲ. ಆಸ್ಪ್ರೇಯ ರೆಕ್ಕೆ ಮುಂದಕ್ಕೆ ವಾಲಿರುವುದರಿಂದ ಅದರೊಳಗಿನ ಶಾಫ್ಟ್ ನಡುವೆ ಇನ್ನೊಂದು ಗೇರ್‌ಬಾಕ್ಸ್ ಬೇಕಾಯಿತು, ಇಲ್ಲಿ ರೆಕ್ಕೆ ನೇರ. ಆದರೂ ಶಾಫ್ಟ್ ಉಂಟು, ಗೇರ್ ಉಂಟು, ಕ್ಲಚ್ ಉಂಟು. ಉಕ್ಕಿನ ಗುಣ ಹೇಗಿದೆ, ಯಾರು ಪರೀಕ್ಷಿಸುತ್ತಾರೆ, ಕೆಟ್ಟ ಫಲಿತಾಂಶ ಬಂದರೆ ಯಾರಿಗೆ ತಿಳಿಸುತ್ತಾರೆ ಎಂಬುದು ಅಲ್ಲಿಯೂ ನಿರ್ಣಾಯಕ.

ಹ್ಯಾಂಗರ್ ಹಿರಿಯ:
ಕೊನೆಯ ಅಂಶವನ್ನೇ ಹಿಡಿದು ನಾನು ಹೇಳಬೇಕಾದ್ದು ಇಷ್ಟು. 2024ರ ನವೆಂಬರ್‌ನಲ್ಲಿ ನ್ಯೂ ಮೆಕ್ಸಿಕೊದ ಕ್ಯಾನನ್ ನೆಲೆಯ ಬಳಿ ಇನ್ನೊಂದು ಸಿವಿ-22ರ ಗೇರ್‌ಬಾಕ್ಸಿನಲ್ಲಿ ಅಂಥದ್ದೇ ಲೋಹದ ದೋಷ ಕಾಣಿಸಿತು. ಚಿಪ್ ಸೂಚನೆಗಳು ಬಂದವು. ಆ ಪೈಲಟ್‌ಗಳು ಕೂಡಲೇ ಇಳಿಸಿದರು, ಎಲ್ಲರೂ ಬದುಕಿದರು. ವ್ಯತ್ಯಾಸ ಒಂದೇ: ಯಾಕುಶಿಮಾದ ವರದಿ ಅಷ್ಟು ಹೊತ್ತಿಗೆ ಅವರ ಕೈಗೆ ಬಂದಿತ್ತು. ಆ ಸೂಚನೆಯ ಅರ್ಥ ಏನೆಂದು ಅವರಿಗೆ ಗೊತ್ತಿತ್ತು.

2025ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ನೌಕಾ ವಾಯು ವಿಭಾಗದ ಪರಿಶೀಲನೆಯೂ, ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರ ವರದಿಯೂ, ಪ್ರಾಣಾಪಾಯದ ದೋಷಗಳು ವರ್ಷಗಟ್ಟಲೆ ಪರಿಹಾರವಿಲ್ಲದೆ ಉಳಿದಿವೆ ಎಂಬುದನ್ನೇ ಎತ್ತಿ ಹೇಳಿವೆ. ಲಕ್ಷಗಂಟೆ ಅವರೇ, ಹಾರಲಿ, ನಾನು ಬೇಡ ಎನ್ನುವುದಿಲ್ಲ. ಹೊಸ ಗೇರ್ ಹಾಕಿದ ಯಂತ್ರದಲ್ಲಿ ಸೈನಿಕರು ಹೋಗಲಿ. ಹಳೆಯ ಗೇರ್ ಇರುವ ಯಂತ್ರದಲ್ಲಿ, ಯುದ್ಧವಿಲ್ಲದ ದಿನ, ತರಬೇತಿಗೆಂದು ಇಪ್ಪತ್ತು ಮಂದಿಯನ್ನು ಕೂರಿಸುವ ಅಗತ್ಯ ಏನಿದೆ? 2022 ಮತ್ತು 2023ರ ಆ ನಾಲ್ಕು ಅಪಘಾತಗಳೂ ತರಬೇತಿಯ ಹಾರಾಟದಲ್ಲೇ ಆದವು. ಈ ಒಂದು ಪ್ರಶ್ನೆಗೆ ನಿಮ್ಮ ಉತ್ತರ ಬೇಕು.

ಲಕ್ಷಗಂಟೆ:
ತರಬೇತಿ ಇಲ್ಲದೆ ಯುದ್ಧಕ್ಕೆ ಕಳುಹಿಸಿದರೆ ಇನ್ನೂ ಹೆಚ್ಚು ಜನ ಸಾಯುತ್ತಾರೆ, ಹಿರಿಯರೇ. ಆದರೆ ಹೊಸ ಗೇರ್ ಬರುವವರೆಗೆ ತರಬೇತಿಯಲ್ಲಿ ಸಿಬ್ಬಂದಿಯನ್ನು ಬಿಟ್ಟು ಬೇರೆಯವರನ್ನು ಕೂರಿಸಬಾರದು ಎಂಬ ನಿಯಮ ಮಾಡಿದರೆ ನನ್ನ ವಿರೋಧವಿಲ್ಲ. ಹಿಂದಿನ ಆಸನದಲ್ಲಿ ಕುಳಿತ ಸೈನಿಕನಿಗೆ ಚಿಪ್ ಸೂಚನೆ ಕಾಣುವುದೇ ಇಲ್ಲ. ಅವನ ಪರವಾಗಿ ಬೇರೆಯವರೇ ನಿರ್ಧರಿಸುತ್ತಾರೆ.